ಅಳೆಯುವವನು ಯಾರ ಅನ್ನ ಉಣ್ಣುತ್ತಾನೆ?

ತಾಯ್ನಾಡಿನ ಕಾರ್ಖಾನೆಗಳ ಹೊಗೆಯ ಮಾತು ಬಂದಾಗಲೆಲ್ಲ ನಮ್ಮ ಕೂಟಗಳಲ್ಲಿ ಒಂದು ಸಮಾಧಾನ ಕೇಳಿಬರುತ್ತದೆ: ಅಲ್ಲಿಯೂ ಈಗ ಚಿಮಣಿಗಳಿಗೆ ಯಂತ್ರ ಕೂರಿಸಿದ್ದಾರೆ, ಅಂಕಿಗಳು ನೇರವಾಗಿ ಮಂಡಳಿಯನ್ನು ತಲಪುತ್ತವೆ, ಇನ್ನೇನು ಬೇಕು? ಯಂತ್ರಗಳು ಬಂದಿರುವುದು ನಿಜ. ಅತಿ ಹೆಚ್ಚು ಮಾಲಿನ್ಯ ಉಂಟುಮಾಡುವ 17 ವರ್ಗಗಳ ಉದ್ಯಮಗಳು ನಿರಂತರ ಮಾಪಕಗಳನ್ನು ಅಳವಡಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2014ರಲ್ಲಿ ನಿರ್ದೇಶಿಸಿತು. ಆದರೂ ಆ ಸಮಾಧಾನವನ್ನು ನಾವು ಒಪ್ಪಲಾರೆವು. ತಕ್ಕಡಿ ಇದ್ದ ಮಾತ್ರಕ್ಕೆ ತೂಕ ಸರಿಯಾಗದು. ಬಟ್ಟಿನ ಮೇಲೆ ಮುದ್ರೆ ಇದೆಯೇ, ಅದನ್ನು ಒತ್ತಿದವರು ಯಾರು ಎಂದು ಕೇಳಲೇಬೇಕು.

ಒಂದು ಲೆಕ್ಕ ನೋಡೋಣ. ಗಾಳಿ ಬೆರೆಸಿ ಹೊಗೆಯನ್ನು ತೆಳುವಾಗಿಸಿದರೆ ಅಂಕಿ ತಾನಾಗಿಯೇ ಇಳಿಯುತ್ತದೆ. ಅದನ್ನು ತಡೆಯಲೆಂದೇ ಕಲ್ಲಿದ್ದಲಿನ ಹೊಗೆಯ ಅಳತೆಯನ್ನು ಸಾಮಾನ್ಯವಾಗಿ ಶೇ. 6 ಆಮ್ಲಜನಕದ ಮಟ್ಟಕ್ಕೆ ಪರಿವರ್ತಿಸುತ್ತಾರೆ. ಗಂಧಕದ ಡೈಆಕ್ಸೈಡ್ ಘನಮೀಟರಿಗೆ 100 ಮಿಲಿಗ್ರಾಂ, ಆಮ್ಲಜನಕ ಶೇ. 11 ಇದ್ದರೆ ವರದಿಯಾಗಬೇಕಾದದ್ದು 150. ಆಮ್ಲಜನಕದ ಮಾಪಕ ಕೆಟ್ಟು ಶೇ. 6 ಎಂದು ತೋರಿಸಿದರೆ 100 ಎಂದೇ ವರದಿಯಾಗುತ್ತದೆ. ಗಂಧಕದ ಮಾಪಕದಲ್ಲಿ ಎಳ್ಳಷ್ಟೂ ದೋಷವಿಲ್ಲ. ಆದರೂ ಮೂರರಲ್ಲೊಂದು ಪಾಲು ಮಾಯ!

ನಾವು ನೆಲೆಸಿರುವ ಬ್ರಿಟನ್ನಿನಲ್ಲಿ ದೊಡ್ಡ ಸ್ಥಾವರಗಳಿಗೆ ಅನ್ವಯಿಸುವ ಇಎನ್ 14181 ಮಾನದಂಡವು ಮಾಪಕವನ್ನು ಕುರುಡಾಗಿ ನಂಬುವುದಿಲ್ಲ. ಕನಿಷ್ಠ 15 ಸಮಾನಾಂತರ ಅಳತೆಗಳೊಡನೆ ಹೋಲಿಸಿ ಅದನ್ನು ಸರಿಹೊಂದಿಸಬೇಕು. ವರ್ಷಕ್ಕೊಮ್ಮೆ ಮರುಪರೀಕ್ಷೆ ನಡೆಯಬೇಕು. ಆದರೆ ಇಲ್ಲಿಯೂ ಪರೀಕ್ಷಕರಿಗೆ ಹಣ ತೆರುವುದು ಸ್ಥಾವರವೇ. ಆದ್ದರಿಂದ ಇದನ್ನೇ ಅಂತಿಮ ಆದರ್ಶವೆಂದು ನಾವು ಹೊಗಳುವುದಿಲ್ಲ.

ಆ ಕೊನೆಯ ಗಂಟನ್ನು ಬಿಚ್ಚಿ ತೋರಿಸಿದ್ದು ಭಾರತವೇ. ಗುಜರಾತಿನಲ್ಲಿ ಕಾರ್ಖಾನೆಗಳು ತಮ್ಮ ಪರಿಶೋಧಕರನ್ನು ತಾವೇ ಆರಿಸಿ ತಾವೇ ಶುಲ್ಕ ಕೊಡುತ್ತಿದ್ದವು. ವರದಿಗಳೋ, ಕಾನೂನಿನ ಮಿತಿಗಿಂತ ತುಸುವೇ ಕೆಳಗೆ ಬಂದು ನಿಲ್ಲುತ್ತಿದ್ದವು. 2009ರಿಂದ 2011ರವರೆಗೆ ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ರಾಜ್ಯ ಮಂಡಳಿಯೊಡನೆ 473 ಕಾರ್ಖಾನೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಅವುಗಳಲ್ಲಿ ಕೆಲವಕ್ಕೆ ಪರಿಶೋಧಕರನ್ನು ಚೀಟಿ ಎತ್ತಿದಂತೆ ಹಂಚಲಾಯಿತು, ಶುಲ್ಕ ಸಾಮಾನ್ಯ ನಿಧಿಯಿಂದ ಬಂತು, ಮರುಅಳತೆಯ ಭಯವೂ ಇತ್ತು. ಅಲ್ಲಿ ವರದಿಗಳು ಸತ್ಯಕ್ಕೆ ಹತ್ತಿರವಾದವು, ಮಾಲಿನ್ಯವೂ ಇಳಿಯಿತು. ಬದಲಾದದ್ದು ಅನ್ನದ ಋಣ.

ಕರ್ನಾಟಕದಲ್ಲಿಯೂ ನಮಗೆ ಬೇಕಾದದ್ದು ಇದೇ: ಮಾಪಕಗಳ ಪರೀಕ್ಷಕರನ್ನು ಮಂಡಳಿ ನೇಮಿಸಲಿ, ಶುಲ್ಕ ಸಾಮಾನ್ಯ ನಿಧಿಯಿಂದ ಹೋಗಲಿ, ಯಂತ್ರ ನಿಂತಿದ್ದ ಗಂಟೆಗಳೂ ಸೇರಿದಂತೆ ಎಲ್ಲ ದಾಖಲೆ ಸಾರ್ವಜನಿಕವಾಗಲಿ. ಖರ್ಚಾಗುತ್ತದೆ ಎನ್ನುವವರು, ಶಕ್ತಿನಗರದಲ್ಲಾಗಲಿ ತೋರಣಗಲ್ಲಿನಲ್ಲಾಗಲಿ ಚಿಮಣಿಯ ನೆರಳಿನಲ್ಲಿ ಉಸಿರಾಡುವವರ ಮುಂದೆ ನಿಂತು ಆ ಮಾತನ್ನು ಹೇಳಲಿ.

ಸದಸ್ಯ ಕುಟುಂಬಗಳಲ್ಲಿ ನಮ್ಮ ಬಿನ್ನಹವಿಷ್ಟೆ. ನಿಮ್ಮೂರಿನ ಬಳಿಯ ಕಾರ್ಖಾನೆಯ ಮಾಪಕವನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಎಂದು? ಪರೀಕ್ಷಿಸಿದವರು ಯಾರು? ಅವರಿಗೆ ಹಣ ಕೊಟ್ಟವರು ಯಾರು? ಭಾರತದ ಪೌರತ್ವ ಉಳಿಸಿಕೊಂಡಿರುವವರು ಮಾಹಿತಿ ಹಕ್ಕು ಕಾಯ್ದೆಯಡಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ನೇರವಾಗಿ ಕೇಳಬಹುದು. ಉಳಿದವರು ಊರಿನ ಬಂಧುಗಳಿಂದ ಕೇಳಿಸಬಹುದು. ಅರ್ಜಿಗೆ ಒಂದು ಹಾಳೆ ಸಾಕು.