ಮೂವತ್ತೈದು ಸಲದ ಕರೆಂಟು

ನಮ್ಮ ಕಡೆ ರೇಡಿಯೋಥೆರಪಿಗೆ ‘ಕರೆಂಟು ಕೊಡೋದು’ ಅನ್ನುತ್ತಾರೆ. ಬಾಯಿ, ಗಂಟಲಿನ ಕ್ಯಾನ್ಸರ್ ಗುಣವಾಗಲೆಂದು ಕೊಡುವ ಪೂರ್ಣ ಕೋರ್ಸು ಸಾಮಾನ್ಯವಾಗಿ 70 ಗ್ರೇ. ದಿನಕ್ಕೊಂದರಂತೆ 35 ಸಲ, ಏಳು ವಾರ. ಪ್ರತಿಸಲವೂ ಮುಖಕ್ಕೆ ಜಾಲರಿಯಂಥ ಪ್ಲಾಸ್ಟಿಕ್ ಮುಖವಾಡ ಬಿಗಿದು ಮಲಗಿಸುತ್ತಾರೆ. ಎರಡು-ಮೂರು ವಾರ ಕಳೆಯುವಷ್ಟರಲ್ಲಿ ಬಾಯಿತುಂಬ ಹುಣ್ಣು. ಜೊಲ್ಲು ಬತ್ತಿ ತುತ್ತು ಇಳಿಯುವುದಿಲ್ಲ. ಎಷ್ಟೋ ಜನಕ್ಕೆ ಮೂಗಿನಲ್ಲಿ ನಳಿಗೆ. ನಲವತ್ತೈದರ ಗಟ್ಟಿ ಆಳು ಇದನ್ನು ತಾಳಿಕೊಂಡಾನು. ಎಂಬತ್ತರ ಹತ್ತಿರದ, ಕೋಲೂರಿ ನಡೆಯುವ, ಆಗಲೇ ಮೈ ಇಳಿದಿರುವ ಮುದುಕಿಗೂ ಇದೇ ಅಳತೆಯ ಅಂಗಿ ಹೊಲಿಸಬೇಕೆ?

ಹೀಗೆ ಕೇಳಿದರೆ ‘ವಯಸ್ಸಾದವರನ್ನು ಸಾಯಲು ಬಿಡಬೇಕೇನು’ ಎಂದು ಮೈಮೇಲೆ ಬರುತ್ತಾರೆ. ನಾನು ಅದನ್ನು ಹೇಳುತ್ತಿಲ್ಲ. ಆಧಾರ್ ಕಾರ್ಡಿನ ಹುಟ್ಟಿದ ವರ್ಷ ನೋಡಿ ಚಿಕಿತ್ಸೆ ನಿರಾಕರಿಸುವುದೂ ಅಷ್ಟೇ ದೊಡ್ಡ ಅನ್ಯಾಯ. ಯೂರೋಪಿನ ಪ್ರಯೋಗಗಳ ರೋಗಿಗಳನ್ನು ಪರಿಶೀಲಿಸಿದ 1996ರ ಅಧ್ಯಯನವೊಂದು ವಿಕಿರಣಕ್ಕೆ ವಯಸ್ಸಿನ ಮಿತಿ ಬೇಕಿಲ್ಲವೆಂದೇ ಹೇಳಿತು. (ಪ್ರಯೋಗಕ್ಕೆ ಆಯ್ಕೆಯಾಗುವ ಮುದುಕರು ಮೊದಲೇ ಗಟ್ಟಿಮುಟ್ಟಾದವರು ಎಂಬುದನ್ನು ಮರೆಯಬಾರದು.) ವಿಕಿರಣದ ಜೊತೆ ಕೀಮೋ ಸೇರಿಸುವುದರ ಲಾಭವಾದರೋ ವಯಸ್ಸು ಏರಿದಂತೆ ಇಳಿಯುತ್ತದೆ, ಎಪ್ಪತ್ತು ದಾಟಿದವರಲ್ಲಿ ಬಹುತೇಕ ಕಾಣುವುದೇ ಇಲ್ಲ. ಹಾಗಾಗಿ ಅಳೆಯಬೇಕಾದದ್ದು ವಯಸ್ಸನ್ನಲ್ಲ, ಕಸುವನ್ನು. ಅದಕ್ಕೆ ಜಿ8 ಎಂಬ ಎಂಟು ಪ್ರಶ್ನೆಗಳ ಪಟ್ಟಿ ಇದೆ: ಊಟ ಹೇಗಿದೆ, ತೂಕ ಇಳಿದಿದೆಯೆ, ಓಡಾಟ ಹೇಗೆ, ಮರೆವು ಎಷ್ಟು, ಮಾತ್ರೆ ಎಷ್ಟು. 17ಕ್ಕೆ 14 ಅಥವಾ ಕಡಿಮೆ ಬಂದರೆ ಇನ್ನೂ ವಿವರವಾಗಿ ನೋಡಬೇಕು. ಯಂತ್ರ ಬೇಡ, ದುಡ್ಡು ಬೇಡ, ಕೆಲವೇ ನಿಮಿಷ ಸಾಕು. ಆ ಕೆಲವು ನಿಮಿಷವೇ ನಮ್ಮ ಹೊರರೋಗಿ ವಿಭಾಗಗಳಲ್ಲಿ ಸಿಗುವುದಿಲ್ಲ.

ದಾರಿಗಳೂ ಬೇರೆ ಬೇರೆ ಇವೆ. ಕಡಿಮೆ ಸಲ, ಸಲಕ್ಕೆ ತುಸು ಹೆಚ್ಚು ಪ್ರಮಾಣ ಕೊಡಬಹುದು. ಗುಣವಾಗುವ ಆಸೆ ಇಲ್ಲದಿದ್ದರೆ ಎರಡೇ ದಿನದಲ್ಲಿ ನಾಲ್ಕು ಸಲ ಕೊಟ್ಟು ಮನೆಗೆ ಕಳಿಸಿ, ಸುಮಾರು ನಾಲ್ಕು ವಾರದ ಮೇಲೆ ನೋವು, ರಕ್ತಸ್ರಾವ ತಗ್ಗಿದೆಯೆ ಎಂದು ನೋಡಿ ಮತ್ತೆ ಕೊಡಬಹುದು.

ಮುಪ್ಪಿನ ಆರೈಕೆಯ ಬಗ್ಗೆ ಪಿಎಚ್‌ಡಿ ಮಾಡುತ್ತಿರುವ ನಾನು ಆಸ್ಪತ್ರೆಯೊಂದರ ಬಳಿಯ ಧರ್ಮಶಾಲೆಯಲ್ಲಿ ಅನೇಕ ದಿನ ಕೂತಿದ್ದೇನೆ. ಎಲೆಯಡಿಕೆ, ತಂಬಾಕಿನಲ್ಲಿ ಕೆನ್ನೆ ಸವೆಸಿಕೊಂಡ ಅಜ್ಜನೊಬ್ಬನ ವಿಷಯವನ್ನೆಲ್ಲ ಡಾಕ್ಟರು ಮಗನ ಜೊತೆಗೇ ಮಾತಾಡಿದ್ದರು. ಅಜ್ಜ ನನ್ನನ್ನು ಕೇಳಿದ: ‘ಇದು ಮುಗದ ಮ್ಯಾಲ ರೊಟ್ಟಿ ತಿನ್ನಾಕ ಬರ್ತೈತೇನವ್ವ? ಅಷ್ಟ ಹೇಳ.’ ಮಗನಿಗೆ ಈ ಪ್ರಶ್ನೆ ಗೊತ್ತಿರಲಿಲ್ಲ. ಅವನಿಗೆ ಊರಿನ ನಾಲ್ಕು ಜನ ‘ಅಪ್ಪನಿಗೆ ಪೂರ್ತಿ ಕರೆಂಟು ಕೊಡಿಸಲಿಲ್ಲ’ ಅಂದಾರು ಎಂಬ ಹೆದರಿಕೆ. ‘ಕ್ಯಾನ್ಸರ್ ವಿರುದ್ಧ ಹೋರಾಟ’ ಎಂದು ಬರೆಯುವ ನಾವೂ ಆ ಹೆದರಿಕೆಗೆ ಗೊಬ್ಬರ ಹಾಕುತ್ತಿದ್ದೇವೆ. ಏಳು ವಾರ ಬೇಡ ಎಂದವನು ಹೇಡಿಯೇ?

ಮುಖವಾಡದ ಅಚ್ಚು ತೆಗೆಯುವ ಮೊದಲು ಡಾಕ್ಟರು ಅಜ್ಜನ ಎದುರು ಕುರ್ಚಿ ಹಾಕಿಕೊಂಡು ಕೂರಲಿ. ಅವನ ಕನ್ನಡದಲ್ಲೇ ಹೇಳಲಿ: ಹೀಗೆ ಮಾಡಿದರೆ ಇಷ್ಟು ನೋವು, ಇಷ್ಟು ಆಸೆ, ಹಾಗೆ ಮಾಡಿದರೆ ಇಷ್ಟು. ರೊಟ್ಟಿಯ ವಿಷಯವನ್ನೂ ಹೇಳಲಿ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದು ಆಮೇಲೆ.