ತಕ್ಕಡಿಯಲ್ಲಿ ಅವಳೊಬ್ಬಳೇ

2003ರಲ್ಲಿ ಮಾಸ್ಕೋದ ಬೊಲ್ಶೊಯ್ ಥಿಯೇಟರ್ ತನ್ನ ಹೆಸರಾಂತ ಬ್ಯಾಲೆ ನರ್ತಕಿ ಅನಸ್ತಾಸಿಯಾ ವೊಲೊಚ್ಕೋವಾ ಅವರನ್ನು ಕೆಲಸದಿಂದ ತೆಗೆಯಿತು. ಆಕೆ ಭಾರ, ಎತ್ತುವ ಗಂಡಸು ಸಿಗುತ್ತಿಲ್ಲ ಎಂಬುದು ನೆಪ. ಆಕೆ ಹೇಳಿಕೊಂಡ ತೂಕ ಸುಮಾರು 50 ಕೆಜಿ. ಅಂದರೆ ಒಂದು ಸಿಮೆಂಟ್ ಮೂಟೆ. ನಮ್ಮ ಹಮಾಲಿಗಳು ಅಂಥವನ್ನು ಹೊತ್ತು ಮಹಡಿ ಹತ್ತುತ್ತಾರೆ. ಹೋಲಿಕೆ ಒರಟಾಯಿತು, ಒಪ್ಪುತ್ತೇನೆ. ಆದರೆ ಹೆಣ್ಣನ್ನು ಸರಕಿನಂತೆ ತೂಕಕ್ಕೆ ಹಾಕಿದವಳು ನಾನಲ್ಲ. ಆಕೆಯನ್ನು ವಾಪಸ್ ತೆಗೆದುಕೊಳ್ಳಿ ಎಂದು ಕೋರ್ಟು ಹೇಳಬೇಕಾಯಿತು. ಎತ್ತಲಾಗದ ತೋಳುಗಳನ್ನು ಮಾತ್ರ ಯಾರೂ ವಿಚಾರಿಸಲಿಲ್ಲ.

ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಮರಿಯಾಫ್ರಾಂಚೆಸ್ಕಾ ಗರ್ರಿತಾನೊ ಕುಣಿಯುತ್ತಿದ್ದರು. ಊಟ ಬಿಟ್ಟು ಬಿಟ್ಟು ತನ್ನ ಮುಟ್ಟೇ ನಿಂತುಹೋದದ್ದನ್ನು, ಸುತ್ತಲಿನ ಹುಡುಗಿಯರ ಹಸಿವನ್ನು ಬಾಯಿಬಿಟ್ಟು ಹೇಳಿದರು. 2012ರಲ್ಲಿ ಕೆಲಸ ಹೋಯಿತು. ಸಂಸ್ಥೆಯ ಹೆಸರು ಕೆಡಿಸಿದರಂತೆ! ಮುಟ್ಟು ನಿಂತ ಮೈಯಲ್ಲಿ ಮೂಳೆ ಸವೆಯುತ್ತದೆ, ಕುಣಿಯುವಾಗಲೇ ಬಿರುಕು ಬಿಡುತ್ತದೆ. ಬೇರೆ ಯಾವ ಕಾರ್ಖಾನೆಯಲ್ಲಾದರೂ ಇದನ್ನು ಕೆಲಸದಿಂದ ಬಂದ ಕಾಯಿಲೆ ಎನ್ನುತ್ತಿದ್ದರು. ಇಲ್ಲಿ ಇದಕ್ಕೆ ಶಿಸ್ತು ಎಂದು ಹೆಸರು.

'ಬ್ಯಾಲೆ ಮೈಯ ಕಲೆ, ಮೈ ನೋಡಬೇಡಿ ಎಂದರೆ ಹೇಗೆ?' ಎಂಬ ವಾದ ಗೊತ್ತು. 2010ರಲ್ಲಿ 'ನಟ್‌ಕ್ರ್ಯಾಕರ್' ಬ್ಯಾಲೆ ನೋಡಿದ ನ್ಯೂಯಾರ್ಕ್ ಟೈಮ್ಸ್ ವಿಮರ್ಶಕ ಅಲಸ್ಟೇರ್ ಮೆಕಾಲೆ, ಅದರ ನರ್ತಕಿ ಜೆನಿಫರ್ ರಿಂಗರ್ ಸಿಹಿ ಜಾಸ್ತಿ ತಿಂದಂತಿದ್ದಾರೆ ಎಂದು ಚುಚ್ಚಿ, ಗಲಾಟೆಯಾದಾಗ ಹಿಡಿದದ್ದೂ ಇದೇ ವಾದ. ಜೊತೆಗಾರನನ್ನೂ ಅವರು ಬಿಟ್ಟಿರಲಿಲ್ಲ, ನಿಜ. ಆದರೆ ಊಟದ ಜೊತೆ ಹೋರಾಡಿ ಗೆದ್ದು ಬಂದದ್ದನ್ನು ರಿಂಗರ್ ಅದಾಗಲೇ ಬಹಿರಂಗವಾಗಿ ಹೇಳಿಕೊಂಡಿದ್ದರು. ನೋಡುವುದು ಬೇರೆ, ತಟ್ಟೆ ಎಣಿಸುವುದು ಬೇರೆ. ಕೈ ಎಲ್ಲಿ ತಡವರಿಸಿತು, ಸುತ್ತು ಎಲ್ಲಿ ತಪ್ಪಿತು ಎಂದು ಬರೆಯಲಿ, ಎಷ್ಟು ಕಟುವಾಗಿಯಾದರೂ ಸರಿ.

ಮೈಯ ಕಲೆ ಎನ್ನುವವರು ಒಮ್ಮೆ, ಕಾಲ್ಬೆರಳ ತುದಿಯಲ್ಲಿ ನಿಂತು ಕುಣಿಯಲು ತೊಡುವ ಪಾಯಿಂಟ್ ಶೂ ಒಳಗೆ ಬೆರಳಿಟ್ಟು ನೋಡಲಿ. ತುದಿಯ ಗಟ್ಟಿ ಗೂಡು ಎಂದರೆ ಬಟ್ಟೆ, ಕಾಗದ, ಅಂಟು, ಪದರದ ಮೇಲೆ ಪದರ. ಹೊಸ ಜೋಡಿ ಬಂದರೆ ನರ್ತಕಿ ಅದನ್ನು ನೆಲಕ್ಕೆ ಬಡಿಯುತ್ತಾಳೆ, ಅಟ್ಟೆ ಬಗ್ಗಿಸುತ್ತಾಳೆ, ರಿಬ್ಬನ್ನನ್ನು ತಾನೇ ಹೊಲಿಯುತ್ತಾಳೆ. ದೊಡ್ಡ ಪಾತ್ರವಾದರೆ ಒಂದೇ ರಾತ್ರಿಗೆ ಜೋಡಿ ಮೆತ್ತಗಾಗಿ ಕಸದ ಬುಟ್ಟಿ ಸೇರುತ್ತದೆ. ಮಾರನೆಯ ದಿನಕ್ಕೆ ಹೊಸ ಜೋಡಿ ಬರುತ್ತದೆ. ಬೊಕ್ಕೆ ಒಡೆದ ಬೆರಳುಗಳು ಮಾತ್ರ ಅವೇ.