ಸೋಫಾಕ್ಕೊಪ್ಪುವ ಚಿತ್ರ

ಗಜಕಡ್ಡಿ ಹಿಡಿದು ಚಿತ್ರ ಕೊಳ್ಳುವವರಿದ್ದಾರೆಂದು ಕೇಳಿದ್ದೆ. ಕಣ್ಣಾರೆ ಕಂಡದ್ದು ಕಳೆದ ಸಂಕ್ರಾಂತಿಯ ಹೊತ್ತಿಗೆ, ಅದೂ ನನ್ನ ಮನೆಯ ಸಲುವಾಗಿಯೇ.

ಕಲಬುರಗಿಯಲ್ಲಿ ಕಟ್ಟಿಸಿದ ಹೊಸ ಮನೆಯ ಒಳಾಂಗಣವನ್ನು ಒಬ್ಬ ವಿನ್ಯಾಸಕಾರರಿಗೆ ಒಪ್ಪಿಸಿದ್ದೆ. ಪಡಸಾಲೆಯ ದೊಡ್ಡ ಗೋಡೆಗೆ "ಏನಾದರೂ ಆರ್ಟ್ ಬೇಕು" ಎಂದು ಅವರು ಅಪ್ಪಣೆ ಕೊಡಿಸಿದರು. ಇಬ್ಬರೂ ಆಳಂದದ ರಸ್ತೆ ಹಿಡಿದೆವು. ಕಡಗಂಚಿ ದಾಟಿ ಒಳದಾರಿಗೆ ಹೊರಳಿದರೆ, ಕರಿಮಣ್ಣಿನ ನಡುವೆ ಚಿತ್ರಗಾರರ ಹೊಲ. ತೊಗರಿ ಚೀಲ ಒಟ್ಟುತ್ತಿದ್ದ ತಗಡಿನ ಕೊಠಡಿಯೇ ಅವರ ಚಿತ್ರಶಾಲೆ. ಕೆಳಗೆ ಶಹಾಬಾದ್ ಕಲ್ಲಿನ ಹಾಸು, ಎಲ್ಲೆಲ್ಲೂ ಅಗಸೆ ಎಣ್ಣೆಯ ವಾಸನೆ.

"ಬರ್ರಿ, ಕುಂಡ್ರಿ" ಎಂದು ಚಹಾ ತರಿಸಿದರು.

ಗೋಡೆಗೊರಗಿಸಿದ್ದ ಒಂದು ಚಿತ್ರದಲ್ಲಿ ತೊಗರಿಯ ರಾಶಿ, ತೂರುತ್ತಿರುವ ಮೂವರು ಹೆಂಗಸರು, ಹಿಂದೆ ಧೂಳಿಗೆ ಕೆಂಪಡರಿದ ಮುಗಿಲು. ನಾನು ಮಾತಿಲ್ಲದೆ ನಿಂತೆ. ವಿನ್ಯಾಸಕಾರರು ಮಾತ್ರ ಚೀಲದಿಂದ ಸೋಫಾದ ಬಟ್ಟೆಯ ತುಂಡೊಂದನ್ನು ತೆಗೆದು ಆ ಮುಗಿಲಿನ ಪಕ್ಕಕ್ಕೆ ಹಿಡಿದರು. "ಆರಡಿಗೆ ನಾಲ್ಕಡಿ ಮಾಡಿಕೊಡಿ. ಕೆಂಪು ಬೇಡ, ಬೂದು ಇರಲಿ. ಈ ಹೆಂಗಸರನ್ನು ತೆಗೆದುಬಿಡಿ. ಡ್ರಾಯಿಂಗ್ ರೂಮಿನಲ್ಲಿ ಮನುಷ್ಯರಿದ್ದರೆ ಕಣ್ಣಿಗೆ ಭಾರ."

"ಹೆಣ್ಮಕ್ಕಳನ್ನ ತಗದ್ರ ರಾಶಿ ಮಾಡೋರ್ಯಾರ್ರಿ?" ಎಂದು ಚಿತ್ರಗಾರರು ನಕ್ಕರು. ಆದರೂ ಮುಂಗಡ ತೆಗೆದುಕೊಂಡರು. ಹಣ ನನ್ನದು. ನಾನು ಚಹಾ ಕುಡಿಯುತ್ತಿದ್ದೆ.

ಹೇಳಿ ಬರೆಸುವುದು ಹೊಸದೇ ಎಂದು ವಾಚಕರು ಆಕ್ಷೇಪಿಸಬಹುದು. ಖಂಡಿತ ಅಲ್ಲ. ಸುರಪುರದ ಅರಸರು ಬರೆಸಿದರು. ಮೈಸೂರಿನ ಅರಸರು ರವಿವರ್ಮನಿಂದ ಪುರಾಣದ ಚಿತ್ರಗಳನ್ನು ಬರೆಸಿದರು. ನಮ್ಮ ಕಲಬುರಗಿಯಲ್ಲೇ ಹುಟ್ಟಿದ ಎಸ್. ಎಂ. ಪಂಡಿತರು (1916–1993) ಮುಂಬಯಿಯಲ್ಲಿ ಸಿನಿಮಾ ಜಾಹೀರಾತು, ಕ್ಯಾಲೆಂಡರುಗಳಿಗೆ ದುಡ್ಡಿಗಾಗಿಯೇ ಬರೆದರು. ಅದರಲ್ಲಿ ನಾಚಿಕೆಯೇನು? ಅರಸ ಕಥೆ ಕೇಳಿದ, ವ್ಯಾಪಾರಿ ಗಿರಾಕಿಯ ಕಣ್ಣು ಸೆಳೆಯುವ ಮುಖ ಕೇಳಿದ. ಕಣ್ಣಿಗೆ ಬೀಳದಂಥ ಚಿತ್ರ ಬರೆದುಕೊಡು ಎಂದು ಕೇಳುತ್ತಿರುವವರು ನಾವೇ ಮೊದಲಿಗರೇನೋ! ಕ್ಯಾಲೆಂಡರಿನ ದೇವರು ಹೊಗೆ ಹಿಡಿದ ಅಡಿಗೆಮನೆಯ ಮೊಳೆಗೆ ತೂಗುತ್ತಿದ್ದ. ಯಾವ ಗೋಡೆಗೂ ಹೊಂದದ ನೀಲಿ, ಯಾವ ಬಟ್ಟೆಗೂ ಹೊಂದದ ಹಳದಿ. ಆದರೆ ಮನೆಮಂದಿ ಬೆಳಗೆದ್ದು ಅವನ ಮುಖ ನೋಡುತ್ತಿದ್ದರು. ನಾವು ಸಾವಿರಾರು ರೂಪಾಯಿ ಕೊಟ್ಟು, ವಿದ್ಯುದ್ದೀಪವನ್ನೂ ಹಾಕಿಸಿ, ನೋಡದಿರುವ ಸಲುವಾಗಿ ಚಿತ್ರ ತೂಗುಹಾಕುತ್ತೇವೆ.

ವಿನ್ಯಾಸಕಾರರನ್ನೇ ಬೈದರೆ ಅನ್ಯಾಯವಾದೀತು. ಸ್ವಿಚ್ಚು ಎಲ್ಲಿರಬೇಕು, ಬೆಳಕು ಎತ್ತಲಿಂದ ಬರಬೇಕು ಎಂಬುದನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು. ನಮಗೆ ನಮ್ಮ ಕಣ್ಣಿನ ಮೇಲೆಯೇ ನಂಬಿಕೆಯಿಲ್ಲ. ನೆಂಟರು ಏನೆಂದಾರೋ ಎಂಬ ಭಯ. ಆದ್ದರಿಂದ ಕಣ್ಣನ್ನೂ ಬಾಡಿಗೆಗೆ ತರುತ್ತೇವೆ. ಊರಿನಲ್ಲೇ ಚಿತ್ರಕಲಾ ಕಾಲೇಜುಗಳಿವೆ. ಅವುಗಳ ಬಾಗಿಲು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಮುಂದಿನ ಭಾನುವಾರ ಒಬ್ಬನೇ ಹೋದೆ. ಆರಡಿಯ ಕ್ಯಾನ್ವಾಸು ಸಿದ್ಧವಾಗಿತ್ತು. ಬೂದು ಮುಗಿಲು, ಕೆಳಗೆ ಬೂದು ಹೊಲ, ಒಂದು ನರಪಿಳ್ಳೆಯಿಲ್ಲ. ಹಳೆಯ ಚಿತ್ರವನ್ನೇ ಇದ್ದಂತೆ ಕೊಡಿ ಎಂದೆ. ಅದರ ಬೆಲೆ ಸೋಫಾದ ಬಟ್ಟೆಗಿಂತ ಕಡಮೆ.

ಚಿತ್ರಗಾರರು ಗೋಣಿತಾಟು ಸುತ್ತಿಕೊಡುತ್ತ, ದೊಡ್ಡ ಕ್ಯಾನ್ವಾಸಿನ ಕಡೆ ನೋಡಿದರು. "ಮುಂಗಡ ಕೊಟ್ಟೀರಲ್ರಿ. ಇದ್ರಾಗೂ ಹೆಣ್ಮಕ್ಕಳನ್ನ ಬರೀಲೇನು?"